ಬರಿಬಟ್ಟಲ ಗುಡ್ಡ

ಸ್ವಲ್ಪ ಹತ್ತಿರ ಸರಿದು ಕೂಡಿರಿ, ದನಿ ಏರಿಸಲಾರೆ. ಎದುರುಮನೆಯ ಶಿವಗಂಗವ್ವನ ಕಿವಿಗೆ ಇದನ್ನು ಹಾಕುವುದಿಲ್ಲವೆಂದು ಮೊದಲು ಆಣೆ ಮಾಡಿರಿ. ಊರ ಮೂಡಣಕ್ಕೆ ಬೋಳು ಗುಡ್ಡ ಕಾಣುತ್ತದಲ್ಲ, ಅದರ ನೆತ್ತಿಯ ಮೇಲೆ ಈಗ ಒಂದು ಮುರುಕು ಗೋಡೆ, ಮಳೆನೀರಿನ ದೊಣೆ, ಪಕ್ಕದ ಬಂಡೆಯಲ್ಲಿ ಅಂಗೈಯಗಲದ ಒಂದು ಗುಳಿ, ಹಳೆಯ ಕೋಟೆಯ ಕಾಲದವು ಇಷ್ಟೇ ಉಳಿದಿವೆ. ಹಾಡುಹಗಲಿನಲ್ಲೂ ಅಲ್ಲಿ ಕಾಗೆ ಕೂಡುವುದಿಲ್ಲ. ಅದಕ್ಕೆ ಬರಿಬಟ್ಟಲ ಗುಡ್ಡ ಎಂಬ ಹೆಸರು ಬಂದದ್ದು ಶಿವಗಂಗವ್ವನ ಮನೆತನದಿಂದಲೇ. ಅವಳನ್ನು ಕೇಳಿದರೆ ಮಾತ್ರ ಸೆರಗು ಕೊಡವಿ ಒಳಗೆ ಹೋಗುತ್ತಾಳೆ.

ಹಿಂದೆ ಒಮ್ಮೆ ಆ ಮನೆಯಲ್ಲಿ ಬಾಳವ್ವ ಎಂಬವಳಿದ್ದಳಂತೆ. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸಬಾರದು, ಒಂದು ಚೂರು ಬೆಲ್ಲವನ್ನಾದರೂ ಹಾಕಬೇಕು ಎಂಬುದು ನಮ್ಮೆಲ್ಲರ ನಡತೆಯೇ ಸರಿ. ಆದರೆ ಅವಳದು ಅತಿ. ಬೊಗಸೆ ಹಿಟ್ಟು ಕೊಟ್ಟವರಿಗೆ ಬುಟ್ಟಿ ಹೋಳಿಗೆ ಕಳಿಸಿ ಓಣಿಗೆಲ್ಲ ಸಾರುತ್ತಿದ್ದಳು ಎನ್ನುತ್ತಾರೆ. ಅವಳ ಮಗಳು ನಿಂಬೆವ್ವ, ಮಗ ಯಂಕಣ್ಣ ಗುಡ್ಡದಲ್ಲಿ ಆಡು ಮೇಯಿಸುವಾಗ ಮಣ್ಣಿನಿಂದ ಒಂದು ಕಂಚಿನ ಬಟ್ಟಲು ಎದ್ದಿತು. ಬಂಡೆಯ ಗುಳಿಯಲ್ಲಿಟ್ಟರೆ ಅಳತೆ ಹಿಡಿದು ಕೊರೆದಂತೆ ಕೂತಿತು. ಕೂತದ್ದೇ ತಡ, ಮುರುಕು ಗೋಡೆ ಮುಗಿಲೆತ್ತರ ನಿಂತಿತು. ಮಕ್ಕಳು ನೂರಾರು ವರ್ಷ ಹಿಂದಿನ ಕೋಟೆಯೊಳಗಿದ್ದರು. ಒಲೆಗಳಿದ್ದವು, ಹೊಗೆಯಿರಲಿಲ್ಲ. ಎದೆಗೆ ಕೂಸನ್ನು ಅವಚಿಕೊಂಡ ಒಬ್ಬ ಹೆಂಗಸು, "ಕೆಳಗೆಲ್ಲ ವೈರಿ ದಂಡು ಮುತ್ತೇತಿ, ನೀವು ಹ್ಯಾಂಗ ಬಂದ್ರಿ?" ಎಂದು ಬೆರಗಾಗಿ, ಮನೆಗೆ ಬಂದ ಮಕ್ಕಳೆಂದು ಕೊನೆಯ ಹಿಡಿ ಸಜ್ಜೆಯನ್ನು ಆ ಬಟ್ಟಲಿಗೆ ಸುರಿದಳು. ನಿಂಬೆವ್ವ ಬಟ್ಟಲು ಎತ್ತಿಕೊಂಡೊಡನೆ ಗೋಡೆ ಮತ್ತೆ ಮುರುಕಾಯಿತು.

ಬುದ್ಧಿಯಿದ್ದ ತಾಯಿಯಾದರೆ ಆ ಬಟ್ಟಲನ್ನು ತಿರುಗಿ ಮಣ್ಣಿಗೆ ಸೇರಿಸುತ್ತಿದ್ದಳು. ಬಾಳವ್ವ, "ನನ್ನ ಮಕ್ಕಳಿಗೆ ಕಾಳು ಕೊಟ್ಟವರ ಬಟ್ಟಲ ಬರಿದ ಕಳಿಸಿದರ ನಮ್ಮನ್ನ ಏನಂದಾರು?" ಎಂದು ಗೋದಿ-ಬೆಲ್ಲದ ಮಾದಲಿ ತುಂಬಿ, ಮತ್ತೆ ಗುಳಿಯಲ್ಲಿಡಲು ಮಕ್ಕಳ ಕೈಯಲ್ಲಿ ಕಳಿಸಿದಳು. ಕೋಟೆಯವಳೂ ಅದೇ ನಡತೆಯವಳು. ಕಾಳಿರಲಿಲ್ಲ, ಕಾಲಿನ ಬೆಳ್ಳಿ ಕಡಗ ಬಿಚ್ಚಿ ಹಾಕಿದಳು. ಕಡಗ ಕಂಡು ಬಾಳವ್ವ ಸೋಲುವವಳೇ? ತುಪ್ಪದ ಹೋಳಿಗೆ ಕಳಿಸಿದಳು. ಆ ಸಲ ಕೋಟೆಯ ಬಾಗಿಲು ಬಿರಿಯುವ ಸದ್ದು ಕೇಳುತ್ತಿತ್ತಂತೆ. ಕೊಡಲು ಏನೂ ಉಳಿಯದ ಆಕೆ ಕೂಸನ್ನೇ ನಿಂಬೆವ್ವನ ಉಡಿಗೆ ಹಾಕಿ, ಬಟ್ಟಲು ಎತ್ತೆಂದಳು.

ಗಂಡ ಊರು ಬಿಟ್ಟು ವರ್ಷವಾದ ಮನೆಯಲ್ಲಿ ಕೂಸು ಅತ್ತರೆ ಊರು ಸುಮ್ಮನಿದ್ದೀತೇ? ಬಾಳವ್ವ ತನ್ನ ಹಾದರ ಮುಚ್ಚಲು ಕೋಟೆಯ ಕತೆ ಕಟ್ಟಿದಳು ಎಂದವರೂ ಉಂಟು. ಹಾಗಾದರೆ ನಿಂಬೆವ್ವ ಎಲ್ಲಿ ಹೋದಳು, ಅದನ್ನೂ ಅವರೇ ಹೇಳಲಿ. ಬಾಳವ್ವ ಅಂದು ಮೊದಲ ಸಲ ಹೆದರಿ ಬಟ್ಟಲನ್ನು ಕಾಳಿನ ಗುಡಾಣದೊಳಗೆ ಬಚ್ಚಿಟ್ಟಳು. ಬೆಳಗಾಗುವಷ್ಟರಲ್ಲಿ ಬಟ್ಟಲೂ ಇಲ್ಲ, ಮಗಳೂ ಇಲ್ಲ. "ಕೂಸು ಕೊಟ್ಟವರಿಗೆ ಬರಿ ಬಟ್ಟಲ ಹ್ಯಾಂಗ ಕೊಡೂದು? ಅವ್ವನೇ ಹೇಳ್ಯಾಳಲ್ಲ" ಎಂದು ತಮ್ಮನಿಗೆ ಹೇಳಿ ಹೋಗಿದ್ದಳಂತೆ. ತಾಯಿ ಏದುಸಿರು ಬಿಡುತ್ತ ಗುಡ್ಡ ಹತ್ತಿದಾಗ ಗುಳಿಯ ಮೇಲೆ ಬಟ್ಟಲು ಬೋರಲು ಬಿದ್ದಿತ್ತು. ನೆಟ್ಟಗಿಟ್ಟಳು, ತಿರುವಿಟ್ಟಳು, ಹಣೆ ಚಚ್ಚಿಕೊಂಡು ಮತ್ತೆ ಇಟ್ಟಳು. ಗೋಡೆ ಏಳಲಿಲ್ಲ, ಕೂಸಿಗೆ ಬದಲಾಗಿ ಹೋದ ಮಗಳು ಮರಳಲಿಲ್ಲ. ಆ ಕೂಸಿನ ಸಂತಾನವೇ ಈಗಿನ ಶಿವಗಂಗವ್ವ.

ಇಂದಿಗೂ ಗುಡ್ಡ ಹತ್ತಿದವರಿಗೆ ಆ ಗುಳಿಯ ಸುತ್ತ ಬೋರಲು ಹಾಕಿದ ಬಟ್ಟಲುಗಳು ಕಾಣುತ್ತವೆ. ಮಕ್ಕಳೊಂದಿಗರು ಒಂದು ಖಾಲಿ ಬಟ್ಟಲನ್ನು ಮಗುಚಿಟ್ಟು, ಹಿಂದಿರುಗಿ ನೋಡದೆ ಇಳಿಯುತ್ತಾರೆ. ಕೊಡುವುದೂ ತೆಗೆದುಕೊಳ್ಳುವುದೂ ಇಲ್ಲಿಗೆ ಮುಗಿಯಿತು ಎಂದು ಅದರ ಅರ್ಥ. ಶಿವಗಂಗವ್ವನ ಮನೆಯಿಂದಲೂ ಪಾತ್ರೆ ಬರುವುದು ಬರಿದಾಗಿಯೇ. ಮೊನ್ನೆ ನಾನು ಕೊಟ್ಟ ಹುಗ್ಗಿಯ ಬಟ್ಟಲು ತೊಳೆದು ಬೋರಲಾಗಿ ಬಂದಾಗ, "ಒಂದು ಚೂರು ಬೆಲ್ಲಕ್ಕೂ ಗತಿಯಿಲ್ಲೇನವ್ವಾ?" ಎಂದು ಚುಚ್ಚಿದೆ. ಅವಳು ನನ್ನ ಮುಖಕ್ಕೇ ಹೇಳಿದಳು: "ಬೈಸಿಕೊಳ್ಳೂದು ನಮ್ಮ ಮನಿಗೆ ರೂಢಿ ಐತಿ, ದೊಡ್ಡವ್ವಾ. ನಾ ತುಂಬಿ ಕೊಟ್ಟರ ನೀವು ಮತ್ತ ತುಂಬಿ ತರತೀರಿ. ಕೊಡಾಕ ನಮ್ಮಲ್ಲಿ ಇನ್ನೊಬ್ಬ ನಿಂಬೆವ್ವ ಇಲ್ಲ."