ಕದಲದೆ ಮಲಗಿದವಳು

“ಹೊಟ್ಟೆಯ ಆಪರೇಷನ್ ಆದವರಿಗೆ ನೋವು ತಿಳಿಯದಂತೆ ನರಕ್ಕೆ ಮದ್ದು ಕೊಡಲು ಎರಡು ದಾರಿಗಳಿವೆ. ಸೂಜಿಯನ್ನು ಹೊಟ್ಟೆಯ ಪಕ್ಕದ ಸ್ನಾಯುಗಳ ನಡುವೆ ಇಳಿಸಬಹುದು, ಇಲ್ಲವೇ ಬೆನ್ನಹುರಿಯ ಬಳಿ. ಎರಡನ್ನೂ ನಮ್ಮ ರೋಗಿಗಳಲ್ಲಿ ಹೋಲಿಸಿ ನೋಡಿದೆ ಮೇಡಂ. ಸೊನ್ನೆಯಿಂದ ಹತ್ತರವರೆಗೆ ಅವರು ಹೇಳಿದ ನೋವಿನ ಅಂಕ ಎರಡರಲ್ಲೂ ಒಂದೇ. ಯಾವುದನ್ನು ಆರಿಸಲಿ?” ಎಂದು ನಾಗವೇಣಿ ತನಗೆ ಅರಿವಳಿಕೆ ವಿದ್ಯೆ ಕಲಿಸುತ್ತಿದ್ದ ಡಾಕ್ಟರ್ ಕಟಗೇರಿಯವರನ್ನು ಕೇಳಿದಳು.

ಅವರು ಒಂದು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅವನಿಗೂ ಇದೇ ಪ್ರಶ್ನೆ. ಒಂದೇ ದಿನ ಒಂದೇ ಬಗೆಯ ಆಪರೇಷನ್ ಆದ ಇಬ್ಬರು ಹೆಂಗಸರು ಅವನ ಪಾಲಿಗೆ ಬಂದರು. ಬಳೆ ಮಾರುವವಳಿಗೆ ಬೆನ್ನಲ್ಲಿ ಮದ್ದು ಕೊಟ್ಟ. ಸೀರೆ ನೇಯುವವಳಿಗೆ ಹೊಟ್ಟೆಯ ಪಕ್ಕದಲ್ಲಿ ಕೊಟ್ಟ. ಹೊತ್ತುಹೊತ್ತಿಗೆ ಹೋಗಿ, “ನೋವಿದೆಯೇ?” ಎಂದು ಕೇಳುತ್ತಿದ್ದ. ಇಬ್ಬರೂ “ಇಲ್ಲ” ಎನ್ನುತ್ತಿದ್ದರು. ಇಬ್ಬರಿಗೂ ಸೊನ್ನೆ ಬರೆದುಕೊಳ್ಳುತ್ತಿದ್ದ.

ಬಳೆಯವಳು ಮರುದಿನವೇ ಎದ್ದು ಕೂತು ಜಡೆ ಹೆಣೆದುಕೊಂಡಳು. ನೇಯ್ಗೆಯವಳು ಅಂಗಾತ ಮಲಗಿಯೇ ಇದ್ದಳು. ಕಣ್ಣು ತೆರೆದೇ ಇರುತ್ತಿತ್ತು. ಹೊದಿಕೆಯ ಮಡಿಕೆ ಬೆಳಿಗ್ಗೆ ಇದ್ದಂತೆಯೇ ಸಂಜೆಗೂ ಇರುತ್ತಿತ್ತು. ಒಮ್ಮೆ ಅವಳ ತುಟಿಯ ಮೇಲೆ ನೊಣವೊಂದು ಕೂತು, ಆ ಕೊನೆಯಿಂದ ಈ ಕೊನೆಗೆ ನಡೆಯಿತು. ಅವಳು ಮುಖ ತಿರುಗಿಸಲಿಲ್ಲ. ವೈದ್ಯ ಹತ್ತಿರ ಬಗ್ಗಿದ. ಮೂಗಿನ ಬಳಿ ಬೆರಳು ಹಿಡಿದು ನೋಡಿದ. ಉಸಿರಿತ್ತು, ಇದ್ದೂ ಇಲ್ಲದಷ್ಟು.

“ನೋವಿದೆಯೇ?”

ತುಟಿ ಮಾತ್ರ ಅಲುಗಿತು. “ಇಲ್ಲ.”

ಮದ್ದು ಚೆನ್ನಾಗಿ ಹಿಡಿದಿದೆ ಎಂದುಕೊಂಡು ಅವನು ಸೊನ್ನೆ ಬರೆದ. ಆದರೂ ಆ ಹಾಸಿಗೆಗೆ ಬೆನ್ನು ಹಾಕಿ ನಿಲ್ಲಲು ಅವನಿಗೆ ಆಗಲಿಲ್ಲ.

ಮೂರನೆಯ ದಿನ ಅವಳಿಗೆ ಜ್ವರ ಬಂತು. ತುಟಿ ನೀಲಿಗಟ್ಟಿತು. ಎದೆಯ ಬುಡದಲ್ಲಿ ಗಾಳಿ ಆಡುತ್ತಿರಲಿಲ್ಲ, ಕಫ ಕಟ್ಟಿತ್ತು.

“ನೋವಿಲ್ಲ ಎಂದಿರಲ್ಲಮ್ಮ,” ಎಂದ ವೈದ್ಯ.

“ಕದಲದಿದ್ದರೆ ಇಲ್ಲ ಸ್ವಾಮಿ,” ಎಂದಳು ಅವಳು. “ಉಸಿರನ್ನು ಪೂರ್ತಿ ಎಳೆದುಕೊಳ್ಳದಿದ್ದರೆ ಇಲ್ಲ. ಕೆಮ್ಮು ಬಂದರೆ ನುಂಗಿಕೊಳ್ಳುತ್ತೇನೆ. ನೀವು ಬಂದಾಗೆಲ್ಲ ನಾನು ಹಾಗೇ ಇದ್ದೆನಲ್ಲ.”

ಐದನೆಯ ದಿನ ಅವಳು ತೀರಿಕೊಂಡಳು. ಹಾಸಿಗೆಯ ಬಳಿ ಬಂದು ನಿಂತ ವೈದ್ಯನಿಗೆ ನಿನ್ನೆಗೂ ಇವತ್ತಿಗೂ ಏನೂ ವ್ಯತ್ಯಾಸ ಕಾಣಲಿಲ್ಲ.

ಕಟಗೇರಿಯವರು ಕತೆ ನಿಲ್ಲಿಸಿದರು.

“ಹಾಗಾದರೆ ಬೆನ್ನಿನ ಸೂಜಿಯೇ ಮೇಲು ಅನ್ನುತ್ತೀರಾ?” ಎಂದಳು ನಾಗವೇಣಿ.

“ಅಂಕ ಕೇಳುವಾಗ ನೀನು ಒಬ್ಬರನ್ನಾದರೂ ಎದ್ದು ಕೂರಲು ಹೇಳಿದ್ದೆಯಾ?” ಎಂದರು ಅವರು.

ನಾಗವೇಣಿ ಅಂಕ ಬರೆದಿದ್ದ ಹಾಳೆಯನ್ನು ಮಡಚಿಟ್ಟು ವಾರ್ಡಿನ ಕಡೆಗೆ ಹೊರಟಳು.