ಕೊಟ್ರ ಕ್ಯಾಮೆರಾ ಸ್ಟ್ಯಾಂಡು ತಂದದ್ದು

ಬಿಳಿಕಲ್ಲು ಅಂತ ಒಂದೂರು. ಊರಲ್ಲೊಂದು ಫೋಟೋ ಸ್ಟುಡಿಯೋ. ಸ್ಟುಡಿಯೋದಲ್ಲಿ ಹಾಲಮ್ಮ, ಹಾಲಮ್ಮನಿಗೊಬ್ಬ ಮಗ ಕೊಟ್ರ. ಗಂಡ ತೀರಿಕೊಂಡ ಮೇಲೆ ಹಾಲಮ್ಮನೇ ಕ್ಯಾಮೆರಾ ಹಿಡಿದಳು. ಕೊಟ್ರ ಆಳೆತ್ತರ ಬೆಳೆದಿದ್ದ. ಅಕ್ಕಿ ಮೂಟೆಯನ್ನು ಒಬ್ಬನೇ ಎತ್ತುತ್ತಿದ್ದ. ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ. "ಬಾಗಿಲು ನೋಡ್ಕೊಂಡಿರು" ಅಂದರೆ ಸಂಜೆವರೆಗೂ ಬಾಗಿಲನ್ನೇ ನೋಡುತ್ತಾ ಕೂರುತ್ತಿದ್ದ. ಗಿರಾಕಿ ಬಂದರೆ, "ಸ್ವಲ್ಪ ಸರೀರಿ, ಬಾಗಿಲು ಕಾಣ್ತಿಲ್ಲ" ಅನ್ನುತ್ತಿದ್ದ.

ಊರ ಹಿಂದೆ ಗುಡ್ಡ. ಗುಡ್ಡದ ಮೇಲೊಂದು ಗವಿ. ಗವಿಯ ಗೋಡೆ ಮೇಲೆ ಹಳೇ ಶಾಸನ. ರುದ್ರಮುನಿ ಮೇಷ್ಟ್ರು ಅಂತ ಎಂಬತ್ತು ದಾಟಿದವರೊಬ್ಬರು ಇಪ್ಪತ್ತು ವರ್ಷದಿಂದ ಆ ಶಾಸನದ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಒಂದು ದಿನ ಸ್ಟುಡಿಯೋಕ್ಕೆ ಬಂದು, "ಹಾಲಮ್ಮ, ಪುಸ್ತಕ ಅಚ್ಚಿಗೆ ಹೋಗ್ತಾ ಐತೆ. ಒಂದೊಂದು ಅಕ್ಷರನೂ ಕಾಣೋ ಹಾಗೆ ಫೋಟೋ ಬೇಕು. ಈ ವರ್ಷ ಆಗದಿದ್ರೆ ನನ್ನ ಕಾಲದಲ್ಲಿ ಆಗಲ್ಲ" ಅಂದರು.

ಗವಿಯಲ್ಲಿ ಬೆಳಕು ಕಮ್ಮಿ. ಕೈಯಲ್ಲಿ ಹಿಡಿದು ತೆಗೆದರೆ ಅಕ್ಷರ ಕಲಸಿಹೋಗುತ್ತವೆ. ಕ್ಯಾಮೆರಾ ನಿಲ್ಲಿಸೋಕೆ ಮೂರು ಕಾಲಿನ ಸ್ಟ್ಯಾಂಡು ಬೇಕೇ ಬೇಕು. ಗಂಡನ ಕಾಲದ ಮರದ ಸ್ಟ್ಯಾಂಡಿಗೆ ಹುಳ ಹತ್ತಿ ಒಂದು ಕಾಲೇ ಹೋಗಿತ್ತು. ಹಾಲಮ್ಮನಿಗೆ ಮಂಡಿನೋವು. ದಾವಣಗೆರೆಗೆ ಹೋಗಿ ಹೊಸದು ತರೋಕೆ ಕೊಟ್ರನೇ ಗತಿ.

"ನೋಡಪ್ಪ, ನಾಳೆ ಬಸ್ಸು, ಗುಡ್ಡ ಎಲ್ಲಾ ಕಡೆ ಅದನ್ನ ಹೊರೋಳು ನಾನು. ಅಂಗಡೀಲಿ ಒಂದೊಂದೇ ಎತ್ತಿ ನೋಡು. ಯಾವುದು ಹಗುರನೋ ಅದನ್ನ ತಾ."

ಕೊಟ್ರ ಹೋದ. ಅಂಗಡಿಯಲ್ಲಿದ್ದ ಡಬ್ಬಗಳನ್ನೆಲ್ಲ ಒಂದೊಂದೇ ಎತ್ತಿದ. ಇದು ಭಾರ, ಅದೂ ಭಾರ. ಮೂಲೆಯಲ್ಲಿದ್ದ ಒಂದು ಡಬ್ಬ ಮಾತ್ರ ಹೂವಿನಷ್ಟು ಹಗುರ.

"ಅದು ಖಾಲಿ ಡಬ್ಬ ಕಣಪ್ಪ" ಅಂದ ಅಂಗಡಿಯವನು.

"ಆದ್ರೂ ಇದೇ ಹಗುರ" ಅಂದ ಕೊಟ್ರ.

ಹಾಲಮ್ಮ ಡಬ್ಬ ತೆಗೆದು ನೋಡಿದಳು. ಒಳಗೆ ಒಂದು ಚೂರು ಥರ್ಮಾಕೋಲು.

"ಬರೀ ಹಗುರ ಇದ್ರೆ ಸಾಲದಪ್ಪ, ಗಟ್ಟಿನೂ ಇರಬೇಕು. ಮೇಲೆ ಭಾರ ಬಿಟ್ಟು ಒತ್ತಿ ನೋಡಬೇಕು. ಅಲ್ಲಾಡದೆ ನಿಂತ್ರೆ ತರಬೇಕು."

"ಆಯ್ತವ್ವ."

ಮಾರನೇ ದಿನ ಮತ್ತೆ ಹೋದ. ಅಂಗಡಿಯವನು ಸ್ಟ್ಯಾಂಡು ನಿಲ್ಲಿಸಿದ. ಕೊಟ್ರ ಅದರ ಮೇಲೆ ಹೊಟ್ಟೆ ಊರಿ ಮಲಗಿದ. ಕಾಲು ಬಾಗಿತು. ಇನ್ನೊಂದರ ಮೇಲೆ ಮಲಗಿದ, ಅದರದ್ದೂ ಬಾಗಿತು. ಮೂರನೆಯದಕ್ಕೆ ಅಂಗಡಿಯವನು ಅವನ ರಟ್ಟೆ ಹಿಡಿದು ಬೀದಿಗೆ ಬಿಟ್ಟ. ಎದುರಿಗೆ ವೆಲ್ಡಿಂಗ್ ಶೆಡ್ಡು. ಅಲ್ಲಿ ನೀರಿನ ಟ್ಯಾಂಕ್ ಇಡುವ ಕಬ್ಬಿಣದ ಸ್ಟ್ಯಾಂಡಿತ್ತು, ಮೂರು ಕಾಲಿನದೇ. ಕೊಟ್ರ ಅದರ ಮೇಲೆ ಹತ್ತಿ ಕುಣಿದ. ಅದು ಅಲ್ಲಾಡಲಿಲ್ಲ.

ಬಸ್ಸಿನ ಟಾಪ್ ಮೇಲೆ ಬಂದಿಳಿದ ಆ ಸ್ಟ್ಯಾಂಡನ್ನು ಹಾಲಮ್ಮ ಸುತ್ತು ಬಂದು ನೋಡಿದಳು.

"ಇದು ಗವಿ ಬಾಯೊಳಗೆ ಹಿಡಿಸ್ತದೇನೋ? ನಾವೇ ಬಗ್ಗಿ ನುಸೀಬೇಕು ಅಲ್ಲಿ. ಕಾಲು ಮಡಚಿದ್ರೆ ಕಂಕುಳಲ್ಲಿ ಕೂರಬೇಕು, ಅಂಥದ್ದು ತಾ. ಇದನ್ನ ಒಯ್ದು ವಾಪಸ್ ಕೊಡು. ತಪ್ಪು ತಂದ್ರೆ ಎಲ್ಲಿಂದ ತಂದ್ಯೋ ಅಲ್ಲೇ ಕೊಟ್ಟು, ಸರಿಯಾದ್ದು ತರಬೇಕು. ತಿಳೀತಾ?"

"ತಿಳೀತವ್ವ."

ಮೂರನೇ ದಿನ ಕಬ್ಬಿಣದ್ದನ್ನು ಶೆಡ್ಡಿಗೆ ವಾಪಸ್ ಕೊಟ್ಟು ಕೊಟ್ರ ಬರುವುದನ್ನು ಅಂಗಡಿಯವನು ದೂರದಿಂದಲೇ ಕಂಡ. ತಾನೇ ಹೊರಗೆ ಓಡಿಬಂದು, ಇದ್ದುದರಲ್ಲಿ ಒಳ್ಳೇ ಸ್ಟ್ಯಾಂಡೊಂದನ್ನು ಮಡಚಿ ಅವನ ಕಂಕುಳಲ್ಲಿ ತುರುಕಿ ಕಳಿಸಿದ. ಹಾಲಮ್ಮ ಬಿಚ್ಚಿದಳು, ನಿಲ್ಲಿಸಿದಳು, ಮೇಲೆ ಕೈಯೂರಿ ಒತ್ತಿದಳು. ಹಗುರವೂ ಹೌದು, ಗಟ್ಟಿಯೂ ಹೌದು. ಆ ರಾತ್ರಿ ಮಗನಿಗೆ ಪಾಯಸ ಮಾಡಿದಳು.

ಬೆಳಗ್ಗೆ ಮೂವರೂ ಗುಡ್ಡ ಹತ್ತಿದರು. ಮುಂದೆ ಕೊಟ್ರ, ಹಿಂದೆ ಮಂಡಿ ಹಿಡಿದುಕೊಂಡು ಹಾಲಮ್ಮ, ಅವಳ ಹಿಂದೆ ಕೋಲೂರಿಕೊಂಡು ಮೇಷ್ಟ್ರು. ಗವಿಯೊಳಗೂ ಗಾಳಿ ಬೀಸುತ್ತಿತ್ತು. ಸ್ಟ್ಯಾಂಡಿನ ನಡುವೆ ಕೆಳಗಡೆ ಒಂದು ಕೊಕ್ಕೆ ಇತ್ತು. ಹಾಲಮ್ಮ ಚೀಲಕ್ಕೆ ಕಲ್ಲು ತುಂಬಿಸಿ ಆ ಕೊಕ್ಕೆಗೆ ತೂಗುಹಾಕಿದಳು.

"ನೋಡ್ಕೋ. ಹಗುರ ಇರೋದು ಗಾಳಿಗೆ ಅಲ್ಲಾಡ್ತೈತೆ. ಅಲ್ಲಾಡೋದು ಕಂಡ್ರೆ ಹಿಂಗೆ ಭಾರ ಕಟ್ಟಬೇಕು."

ಸಾಲು ಸಾಲಾಗಿ ಫೋಟೋ ತೆಗೆದರು. ಅಕ್ಷರಗಳು ಕೆತ್ತಿಟ್ಟ ಹಾಗೇ ಬಂದವು. ಮೇಷ್ಟ್ರಿಗೆ ಕಣ್ಣಲ್ಲಿ ನೀರು. ಕೊನೆಗೆ ಹಾಲಮ್ಮ, "ನೀವೂ ಶಾಸನದ ಪಕ್ಕ ನಿಲ್ಲಿ ಮೇಷ್ಟ್ರೇ, ಪುಸ್ತಕಕ್ಕೆ ಬೇಕಾಗ್ತದೆ" ಅಂದಳು. ಅವರು ನಿಂತರು. ವಯಸ್ಸಾದ ಮೈ, ಸಣ್ಣಗೆ ನಡುಗುತ್ತಿತ್ತು. ಹಾಲಮ್ಮ ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿದರೆ ಮೇಷ್ಟ್ರ ಕೊರಳಲ್ಲಿ ಕಲ್ಲಿನ ಚೀಲ ತೂಗುತ್ತಿದೆ. ಪಕ್ಕದಲ್ಲಿ ಕೊಟ್ರ.

"ಅಲ್ಲಾಡ್ತಿದ್ರವ್ವ" ಅಂದ.

"ತೆಗಿಯೋ ಅದನ್ನ. ಎಲ್ಲಿತ್ತೋ ಅಲ್ಲೇ ಕಟ್ಟು" ಅಂದಳು ಹಾಲಮ್ಮ.

"ಇರಲಿ ಬಿಡಮ್ಮ, ಹುಡುಗ ತಪ್ಪೇನೂ ಹೇಳಿಲ್ಲ" ಅಂದರು ಮೇಷ್ಟ್ರು, ಕೊರಳು ಸವರಿಕೊಳ್ಳುತ್ತಾ.

ಕೆಲಸ ಮುಗಿಯಿತು. ಹಾಲಮ್ಮ ಕ್ಯಾಮೆರಾ ಬಿಚ್ಚಿ ಹೆಗಲಿಗೆ ಹಾಕಿಕೊಂಡಳು. "ನನ್ನ ಮಂಡಿಗೆ ಹೊತ್ತಾಗ್ತದೆ, ನಾನು ಮೆಲ್ಲಗೆ ಇಳೀತಿರ್ತೀನಿ. ಆ ಮೂರು ಕಾಲಿಂದನ್ನ ಮಡಚಿ ಕಂಕುಳಲ್ಲಿ ಇಟ್ಕೊಂಡು, ಎಲ್ಲೂ ತಾಗಿಸದೆ ಹುಷಾರಾಗಿ ತಾ. ಮೇಷ್ಟ್ರು ಅವರ ಪಾಡಿಗೆ ಬರ್ತಾರೆ."

"ಆಯ್ತವ್ವ."

ಹಾಲಮ್ಮ ಅರ್ಧ ಗುಡ್ಡ ಇಳಿದು ಒಂದು ಬಂಡೆ ಮೇಲೆ ಕೂತಳು. ಮೇಲಿಂದ ಕೊಟ್ರ ಬರುತ್ತಿದ್ದ. ಹುಷಾರಾಗೇ ಬರುತ್ತಿದ್ದ. ಅವನ ಕಂಕುಳಲ್ಲಿ ಮೇಷ್ಟ್ರಿದ್ದರು. ಮಂಡಿ ಎರಡೂ ಎದೆಗೆ ಮಡಚಿಕೊಂಡಿದ್ದವು, ಕೋಲು ಪಕ್ಕಕ್ಕೆ ಸೇರಿಸಿ ಟವೆಲಿನಿಂದ ಬಿಗಿದಿತ್ತು.

ಹಾಲಮ್ಮ ಎದ್ದು ನಿಂತಳು.

"ಮೂರು ಕಾಲಿನವು ಎರಡಿದ್ವವ್ವ" ಅಂದ ಕೊಟ್ರ. "ಒಂದಕ್ಕೆ ಕಲ್ಲು ಕಟ್ಟಿತ್ತು. ಇದು ಹಗುರ ಇತ್ತು. ಮಡಚೋಕೆ ಮಾತ್ರ ಸ್ವಲ್ಪ ಬಿಗಿ."

"ಇದಲ್ಲ ಕಣೋ" ಅಂದಳು ಹಾಲಮ್ಮ. "ಇದು ತಪ್ಪು."

ಕೊಟ್ರ ಕಂಕುಳಲ್ಲಿದ್ದದ್ದನ್ನು ನೋಡಿಕೊಂಡ. ಅವ್ವ ಹೇಳಿದ್ದು ಅವನಿಗೆ ಮರೆತಿರಲಿಲ್ಲ. ತಿರುಗಿದವನೇ ಗುಡ್ಡ ಹತ್ತಿದ, ತಂದ ಕಡೆಗೇ ವಾಪಸ್ ಕೊಡೋಕೆ. ಹಾಲಮ್ಮ ಕೂಗಿದಳು. ಗಾಳಿಯಲ್ಲಿ ಅವನಿಗೆ ಕೇಳಿಸಲಿಲ್ಲ. ಮೇಷ್ಟ್ರಿಗೆ ಕೇಳಿಸಿತು. ಅವರು ಕಂಕುಳ ಸಂದಿಯಿಂದ ತಲೆ ಹೊರಗೆ ಹಾಕಿ ಅಂದರು:

"ನೀನು ಕೂತಿರು ಹಾಲಮ್ಮ. ಹೆಂಗೂ ಮೇಲೆ ಹೋಗ್ತಿದೀನಿ, ಆರನೇ ಸಾಲಲ್ಲಿ ಒಂದು ಅಕ್ಷರ ಅನುಮಾನ ಇತ್ತು, ನೋಡಿಕೊಂಡೇ ಬರ್ತೀನಿ."