ಕಂಬಳಿಯೊಳಗಿನ ಹಿಮ

ಗದಗ ಸೀಮೆಯ ನಿಂಗಯ್ಯಜ್ಜ ಹರೆಯದಲ್ಲೇ ಹಿಮಾಲಯ ಸೇರಿದವರು. ಅವರು ಆಶ್ರಮ ಕಟ್ಟಿದಾಗ ಹಿಮನದಿಯ ಬಾಯಿ, ಅಂದರೆ ಅದರ ಕೆಳತುದಿ, ಅಂಗಳದಾಚೆಯೇ ಇತ್ತು. ಬೆಳಗೆದ್ದು ಅದನ್ನು ಮುಟ್ಟಿಯೇ ಜಪಕ್ಕೆ ಕೂರುತ್ತಿದ್ದರು.

ಈಗ ಅದು ಕಣಿವೆಯ ಮೇಲಕ್ಕೆ ಅರ್ಧ ದಿನದ ಹಾದಿಯಷ್ಟು ಸರಿದುಹೋಗಿದೆ. ಅಜ್ಜನಿಗೆ ತೊಂಬತ್ತು ದಾಟಿದೆ, ಅಂಗಳ ದಾಟುವುದೂ ಕಷ್ಟ. ಸಾಯುವ ಮೊದಲು ಒಮ್ಮೆ ಮುಟ್ಟಬೇಕೆಂಬ ಆಸೆ ಮಾತ್ರ ಹಾಗೇ ಇದೆ.

ಪ್ರತಿ ಗುರುಪೂರ್ಣಿಮೆಗೆ ಒಬ್ಬ ಶಿಷ್ಯ ಮೇಲೆ ಹೋಗಿ, ಹಿಮ ಎಲ್ಲಿಗೆ ನಿಂತಿದೆಯೋ ಅಲ್ಲಿ ಸುಣ್ಣ ಬಳಿದ ಕಲ್ಲಿಟ್ಟು ಬರುವುದು ಆಶ್ರಮದ ರೂಢಿ.

ಈ ಸಲ ಹೋದವನು ಚಂಬಣ್ಣ. ಹಿಂದಿನ ಚಳಿಗಾಲದಲ್ಲಿ ಸೂರು ಮುಟ್ಟುವಷ್ಟು ಹಿಮ ಸುರಿದಿತ್ತು. ಈ ವರ್ಷ ಹಿಮನದಿ ಕೆಳಗೆ ಬಂದೇ ಬಂದಿರುತ್ತದೆ ಎಂದು ಕುಣಿಯುತ್ತಾ ಹೋದವನಿಗೆ ಹೋದ ವರ್ಷದ ಕಲ್ಲಿನ ಹತ್ತಿರ ಬರೀ ಕೆಸರು ಕಂಡಿತು. ಹಿಮ ಇನ್ನೂ ಮೂವತ್ತು ಹೆಜ್ಜೆ ಆಚೆ.

ಅವನಿಗೆ ಅಳುವೇ ಬಂತು. ಕಲ್ಲಿಟ್ಟ. ಹಿಮದ ಒಂದು ಗಡ್ಡೆ ಒಡೆದು ಕಂಬಳಿಯಲ್ಲಿ ಸುತ್ತಿಕೊಂಡು ಓಡುತ್ತಲೇ ಇಳಿದ.

ಅಜ್ಜ ಬಾಗಿಲಲ್ಲೇ ಕೂತಿದ್ದರು. "ಎಲ್ಲಿಗೆ ಐತೋ ತಮ್ಮಾ?"

"ಭಾಳ ಕೆಳಗ ಬಂದೈತ್ರಿ ಅಜ್ಜಾರ. ಇಲ್ಲೇ, ತಿರುವಿನ ಆಚೆ. ನಿಮಗ ಮುಟ್ಟಾಕಂತ ತಂದೀನಿ."

ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. ಕಿವಿ ಕೆಂಪಾಗಿದ್ದವು.

ಕಂಬಳಿ ಬಿಚ್ಚಿದ. ಒಳಗೆ ಏನೂ ಇರಲಿಲ್ಲ. ಉಣ್ಣೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಅಜ್ಜ ಆ ಒದ್ದೆ ಕಂಬಳಿಯನ್ನೇ ಕಣ್ಣಿಗೊತ್ತಿಕೊಂಡರು. ಬಹಳ ಹೊತ್ತು ತೆಗೆಯಲಿಲ್ಲ.

"ತಿರುವಿನ ಆಚೆಯಿಂದ ತಂದಿದ್ರ ಇಷ್ಟು ಕರಗತಿದ್ದಿಲ್ಲ," ಎಂದರು.

ಚಂಬಣ್ಣ ಕಾಲು ಹಿಡಿದುಕೊಂಡ. "ತಪ್ಪಾತ್ರಿ. ಮತ್ತ ಮೂವತ್ತು ಹೆಜ್ಜಿ ಹೋಗೇತಿ. ಸೂರಿನಷ್ಟು ಹಿಮ ಬಿದ್ದಿತ್ತಲ್ರಿ, ಅದೆಲ್ಲಾ ಎಲ್ಲಿ ಹೋತು?"

"ಶಿಖರದ ಮ್ಯಾಲ ಕುಂತೈತಿ. ಅದು ಬಾಯಿತನಕ ಇಳಿದು ಬರಾಕ ಎಪ್ಪತ್ತು ವರ್ಷ ಬೇಕು. ನೀ ಇವತ್ತ ಒಡದು ತಂದದ್ದು ನಾ ಇಲ್ಲಿಗೆ ಬಂದ ವರ್ಷ ಬಿದ್ದ ಹಿಮ."

"ಮತ್ತ ಕರಗೂದು?"

"ಇವತ್ತಿನ ಬಿಸಿಲಿಗೆ ಅಷ್ಟ ಅಲ್ಲ. ನಿಮ್ಮಪ್ಪನ ಕಾಲದ ಸೆಕಿಗೆ ಅದು ಇನ್ನೂ ಉತ್ತರಾ ಕೊಡಾಕಹತ್ತೇತಿ. ದೊಡ್ಡ ಜೀವ, ಸಾವಕಾಶ ಕೇಳತೈತಿ."

"ಹಂಗಾರ ಹೋದ ವರ್ಷದ ಹಿಮ ಬಂದಾಗ?"

"ನಾ ಅಂತೂ ಇರಾಂಗಿಲ್ಲ. ನೀನೂ ಇರಾಂಗಿಲ್ಲ."

"ನಿಮಗ ಅದರ ನೆನಪಾಗೂದಿಲ್ಲೇನ್ರಿ ಅಜ್ಜಾರ?"

"ಆಗತೈತಿ. ದಿನಾ ಬೆಳಿಗ್ಗೆ ಕೈ ತಾನ ಮುಂದಕ್ಕ ಹೋಗತೈತಿ."

"ನೀವು ಇಷ್ಟು ಹಂಬಲಿಸಿದ್ರೂ ಅದು ನಮಗ ಬೆನ್ನು ಮಾಡಿ ಹೋಗಾಕಹತ್ತೇತಲ್ರಿ!"

ಅಜ್ಜ ಕಂಬಳಿಯನ್ನು ತೊಡೆಯ ಮೇಲೆ ಹರಡಿಕೊಂಡು ಅವನ ತಲೆ ನೇವರಿಸಿದರು.

"ಹಿಮ ಒಂದು ದಿನಾನೂ ಹಿಂದಕ್ಕ ನಡದಿಲ್ಲೋ ಹುಚ್ಚಪ್ಪಾ. ಈಗಲೂ ನಮ್ಮ ಕಡೇನ ಬರಾಕಹತ್ತೇತಿ. ನಮ್ಮ ಬಿಸೀನ ಅದನ್ನ ಇಲ್ಲಿತನಕ ಬರಗೊಡವಲ್ದು."